ಆಣೆ ಸುಳ್ಳಾಗಿರಲಿಲ್ಲ

ತಿಂಗಳ ಕೊನೆ. ಕೈ ಬರಿದಾಗಿದೆ. ಮಗಳ ತಲೆ ಮುಟ್ಟಿ ಅಪ್ಪ ಹೇಳುತ್ತಾನೆ: ‘ಇನ್ಮೇಲೆ ಬೆಟ್ಟಿಂಗ್ ಕಟ್ಟಲ್ಲ ಪುಟ್ಟಿ, ನಿನ್ನಾಣೆ.’ 1ನೇ ತಾರೀಖು ಸಂಬಳದ ಮೆಸೇಜು ಬರುತ್ತದೆ. ರಾತ್ರಿ ಮ್ಯಾಚು ಮುಗಿಯುವಷ್ಟರಲ್ಲಿ ಅವಳ ಶಾಲೆ ಫೀಸಿನ ದುಡ್ಡೂ ಹೋಗಿರುತ್ತದೆ. ಮಾತಿಗೆ ತಪ್ಪಿದವನೆಂದು ಮನೆಯವರು ಹಳಿಯುತ್ತಾರೆ. ಆದರೆ ಆಣೆಯಿಟ್ಟ ಗಳಿಗೆಯಲ್ಲಿ ಅವನು ಸುಳ್ಳು ಹೇಳಿರಲಿಲ್ಲ.

ಕೈಸೇರುವುದು ತಡವಾದಷ್ಟೂ ಲಾಭದ ಬೆಲೆ ಮನಸ್ಸಿನಲ್ಲಿ ಸವೆಯುತ್ತದೆ. ಇದು ಎಲ್ಲರಿಗೂ ಆಗುವಂಥದ್ದೇ. ಸವೆಯುವ ವೇಗ ಮಾತ್ರ ಬೇರೆ. ಪಾರಿವಾಳಗಳ ಮೇಲೆ ಪ್ರಯೋಗ ನಡೆಸಿದ ಅಮೆರಿಕದ ಜೇಮ್ಸ್ ಮಝೂರ್ 1987ರಲ್ಲಿ ಇದಕ್ಕೊಂದು ಸರಳ ಸೂತ್ರ ಕೊಟ್ಟರು. ಆ ಲೆಕ್ಕ ಹಿಡಿದು ನೋಡಿ: ತಿಂಗಳು ಬಿಟ್ಟು ಸಿಗುವ 1000 ರೂಪಾಯಿ ತಾಳ್ಮೆಯುಳ್ಳವರೊಬ್ಬರಿಗೆ ಇವತ್ತಿನ 770 ರೂಪಾಯಿಯಷ್ಟು ಎನಿಸಿದರೆ, ಸವೆತದ ದರ ಹತ್ತು ಪಟ್ಟಿರುವವರಿಗೆ ಬರೀ 250 ರೂಪಾಯಿ. ಅವರ ಪಾಲಿಗೆ ಮೊದಲ ಹತ್ತೇ ದಿನದಲ್ಲಿ ಅರ್ಧ ಬೆಲೆ ಕರಗಿರುತ್ತದೆ.

ಜೂಜಿನ ಗೀಳು ಹತ್ತಿದವರಲ್ಲಿ ಈ ಸವೆತ ಉಳಿದವರಿಗಿಂತ ಜೋರು ಎಂದು ಕನೆಕ್ಟಿಕಟ್ ವಿಶ್ವವಿದ್ಯಾಲಯದ ನ್ಯಾನ್ಸಿ ಪೆಟ್ರಿ 2001ರಲ್ಲಿ ತೋರಿಸಿದರು. ಕುಡಿತ, ಮಾದಕವಸ್ತುಗಳ ಚಟವೂ ಜೊತೆಗಿದ್ದರೆ ಇನ್ನೂ ಜೋರು. ಅಮೆರಿಕದ ಮನೋವೈದ್ಯರ ಸಂಘದ ಕೈಪಿಡಿಯೂ 2013ರಲ್ಲಿ ಜೂಜಿನ ಗೀಳನ್ನು ಮದ್ಯ, ಮಾದಕವಸ್ತುಗಳ ವ್ಯಸನದ ಸಾಲಿಗೇ ಸೇರಿಸಿತು.

ಆಣೆ ಮುರಿಯುವ ಗುಟ್ಟು ಈ ಸವೆತದಲ್ಲೇ ಇದೆ. ದೂರದಿಂದ ನೋಡಿದರೆ ಬೆಟ್ಟ ದೊಡ್ಡದು, ಅದರ ಮುಂದಿನ ಗೂಡಂಗಡಿ ಚಿಕ್ಕದು. ಅಂಗಡಿಯ ಬಾಗಿಲಿಗೇ ಬಂದು ನಿಂತರೆ ಬೆಟ್ಟ ಕಾಣುವುದಿಲ್ಲ. ತಿಂಗಳ ಕೊನೆಯಲ್ಲಿ ಮಗಳ ಓದು, ಬೆಟ್ಟಿಂಗ್ ಎರಡೂ ದೂರ. ಓದು ದೊಡ್ಡದಾಗಿಯೇ ಕಾಣುತ್ತದೆ. ಜೇಬಿನಲ್ಲಿ ಸಂಬಳ, ಎದುರಿಗೆ ಮ್ಯಾಚು ಇರುವಾಗ ಮುಂದಿನ ಬಾಲ್ ಬಿಟ್ಟು ಬೇರೇನೂ ಕಾಣದು.

ಹಾಗಾಗಿ ‘ಮನಸ್ಸು ಗಟ್ಟಿ ಮಾಡ್ಕೋ’ ಎಂಬ ಬುದ್ಧಿವಾದ ಸಾಲದು. ಬೆಟ್ಟ ಕಾಣುವಾಗಲೇ ಅಂಗಡಿಯ ದಾರಿಗೆ ಬೇಲಿ ಹಾಕಬೇಕು. ಸಂಬಳ ಹೆಂಡತಿಯ ಖಾತೆಗೆ ಹೋಗಲಿ. ಮೊಬೈಲಿನಿಂದ ಸಾಲದ ಆ್ಯಪು, ಯುಪಿಐ ತೆಗೆಯಲಿ. ಫೀಸು 1ನೇ ತಾರೀಖೇ ಕಟ್ಟಿಬಿಡಲಿ. ಚಿಕಿತ್ಸೆಯೂ ಬೇಕು: ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ, ಉಚಿತವಾಗಿ ಮಾತಾಡುತ್ತಾರೆ.

ಅವನು ಮತ್ತೆ ಆಣೆಯಿಡಲು ಬಂದರೆ ಬೈಯಬೇಡಿ, ಬರೀ ನಂಬಿ ಸುಮ್ಮನೂ ಆಗಬೇಡಿ. ಅದೇ ಗಳಿಗೆಯಲ್ಲಿ, ಅದೇ ಚಪ್ಪಲಿಯಲ್ಲಿ, ಬ್ಯಾಂಕಿಗೆ ಕರೆದುಕೊಂಡು ಹೋಗಿ.