ತಾಯಿ ಕಂಡ ಜ್ವರ, ಕೂಸಿಗೆ ಬಂದ ಕಾಪು

ಚೊಚ್ಚಲ ಹೆರಿಗೆ ತವರಿನಲ್ಲಿಯೇ ಆಗಬೇಕೆಂಬುದು ನಮ್ಮಲ್ಲಿ ಲಾಗಾಯ್ತಿನಿಂದ ನಡೆದುಬಂದ ಪದ್ಧತಿ. ಬೆಂಗಳೂರಿನಲ್ಲಿಯೋ ಹುಬ್ಬಳ್ಳಿಯಲ್ಲಿಯೋ ಸಂಸಾರ ಹೂಡಿದ ಮಗಳಿಗೆ ಕುಬುಸ ಮಾಡಿ, ಉಡಿ ತುಂಬಿ, ಸಿಂಧನೂರು ಸೀಮೆಯ ಗೊರೇಬಾಳದಂಥ ಊರಿಗೆ ಕರೆದೊಯ್ಯುತ್ತಾರೆ. ಹೊರಡುವ ಮುನ್ನ ಪಂಚಾಂಗ ನೋಡುವುದುಂಟು. ಬಸ್ಸಿನ ಕುಲುಕಾಟವನ್ನು ಕುರಿತು ಹಿರಿಯರು ಚಿಂತಿಸುವುದೂ ಉಂಟು. ಆದರೆ ಈ ಹುಡುಗಿಗೆ ಹಿಂದೆ ಯಾವ ಯಾವ ಜ್ವರ ಬಂದಿತ್ತೆಂದು ವಿಚಾರಿಸುವವರು ವಿರಳ. ಸೊಳ್ಳೆ ತರುವ ಜ್ವರಗಳ ಮಟ್ಟಿಗಂತೂ ಕೂಸಿನ ಮೊದಲ ವರ್ಷದ ಆರೋಗ್ಯಕ್ಕೂ ತಾಯಿಯ ಹಳೆಯ ಜ್ವರಗಳಿಗೂ ಬಹಳ ಹತ್ತಿರದ ನಂಟಿದೆ.

ಗೊರೇಬಾಳದ ಸುತ್ತಿನ ಸೀಮೆ ಒಂದು ಕಾಲಕ್ಕೆ ಜೋಳದ ಒಣಭೂಮಿ. ತುಂಗಭದ್ರೆಗೆ ಅಣೆಕಟ್ಟು ಬಿದ್ದು, ಎಡದಂಡೆಯ ಕಾಲುವೆ ಹರಿದ ಮೇಲೆ ಇದು ಭತ್ತದ ನಾಡಾಯಿತು. ದೂರದಿಂದ ಬಂದ ಒಕ್ಕಲಿಗರ ಕ್ಯಾಂಪುಗಳು ಎದ್ದವು. ನೀರಿನೊಡನೆ ಸೊಳ್ಳೆಯೂ ಬಂದಿತೆಂದು ಹೇಳಬೇಕಾಗಿಲ್ಲ. ಆದರೆ ಎಲ್ಲ ಸೊಳ್ಳೆಯೂ ಒಂದೇ ಜಾತಿಯದಲ್ಲ. ಗದ್ದೆಯ ನಿಂತ ನೀರಿನಲ್ಲಿ ಹುಟ್ಟುವ ಕ್ಯೂಲೆಕ್ಸ್ ಸೊಳ್ಳೆ ಇರುಳಿನಲ್ಲಿ ಕಚ್ಚುತ್ತದೆ. ಮಿದುಳು ಜ್ವರವನ್ನು ಹೊತ್ತು ತರುವುದು ಅದು. ಡೆಂಗಿ, ಚಿಕುನ್‌ಗುನ್ಯ, ಝಿಕಾ ಈ ಮೂರನ್ನೂ ತರುವ ಈಡಿಸ್ ಸೊಳ್ಳೆಗೆ ಗದ್ದೆಯ ಹಂಗಿಲ್ಲ. ಮನೆಯೊಳಗಿನ ಹರವಿ, ಬಚ್ಚಲಿನ ತೊಟ್ಟಿ, ಅಂಗಳದಲ್ಲಿ ಬಿದ್ದ ಹಳೆಯ ಟಯರು, ಇವೇ ಅದರ ತೊಟ್ಟಿಲು. ಬೆಂಗಳೂರಿನ ಮಹಡಿಯ ಮೇಲಣ ಹೂಕುಂಡಕ್ಕೂ ಗೊರೇಬಾಳದ ಹಿತ್ತಿಲಿನ ತೊಟ್ಟಿಗೂ ಅದು ಭೇದವೆಣಿಸುವುದಿಲ್ಲ.

2006ನೆಯ ಇಸವಿಯನ್ನು ಈ ಕಡೆಯವರು ಸುಲಭವಾಗಿ ಮರೆಯಲಾರರು. ದೇಶದಲ್ಲಿ 1973ರ ತರುವಾಯ ಕಣ್ಮರೆಯಾದಂತಿದ್ದ ಚಿಕುನ್‌ಗುನ್ಯ 2005ರ ಕೊನೆಯಲ್ಲಿ ಹಿಂದಿರುಗಿ, ಮರುವರ್ಷ ಕರ್ನಾಟಕವನ್ನು ಹಣ್ಣುಮಾಡಿತು. ದೇಶದಲ್ಲೆಲ್ಲ ಶಂಕಿತ ರೋಗಿಗಳು 13 ಲಕ್ಷಕ್ಕೆ ಮೇಲ್ಪಟ್ಟಿದ್ದರೆ, ಅವರಲ್ಲಿ ಏಳೂವರೆ ಲಕ್ಷದಷ್ಟು ಮಂದಿ ನಮ್ಮ ರಾಜ್ಯದವರೇ ಆಗಿದ್ದರು. ಆ ಹೆಸರು ಆಫ್ರಿಕದ ಮಕೊಂಡೆ ಜನರ ಭಾಷೆಯದು. ಬಾಗಿಸಿಬಿಡುವುದು ಎಂದು ಅದರ ಭಾವ. ಕೀಲುಗಳು ಹಿಡಿದು, ಗೋಡೆ ಹಿಡಿದು ನಡೆದವರಿಗೆ ಆ ಹೆಸರಿನ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಅಂದು ಏಳೆಂಟು ವರ್ಷದವಳಾಗಿ ಆ ಜ್ವರದಲ್ಲಿ ನರಳಿದ ಬಾಲಕಿ ಇಂದು ತಾಯಿಯಾಗುವ ವಯಸ್ಸಿನವಳು. ಒಮ್ಮೆ ಚಿಕುನ್‌ಗುನ್ಯ ಬಂದು ಹೋದವರಿಗೆ ಅದರ ವಿರುದ್ಧದ ಪ್ರತಿಕಾಯಗಳು ರಕ್ತದಲ್ಲಿ ಬಹುಕಾಲ ಉಳಿಯುತ್ತವೆ. ಈ ಪ್ರತಿಕಾಯಗಳ ಪೈಕಿ ಒಂದು ಬಗೆಯವನ್ನು ಮಾಸು ತಾನಾಗಿಯೇ ಹಿಡಿದು ತಾಯಿಯಿಂದ ಕೂಸಿನ ಕಡೆಗೆ ದಾಟಿಸುತ್ತದೆ. ಮೂರು ತಿಂಗಳು ತುಂಬಿದ ಮೇಲೆ ಮೆಲ್ಲಗೆ ತೊಡಗುವ ಈ ರವಾನೆ ಕೊನೆಯ ಕೆಲವು ವಾರಗಳಲ್ಲಿ ಭರದಿಂದ ಸಾಗುತ್ತದೆ. ದಿನ ತುಂಬಿ ಹುಟ್ಟಿದ ಕೂಸಿನ ರಕ್ತದಲ್ಲಿ ಅವು ತಾಯಿಯಲ್ಲಿರುವುದಕ್ಕಿಂತ ಹೆಚ್ಚಾಗಿರುವುದೂ ಉಂಟು. ದಿನ ತುಂಬುವ ಮೊದಲೇ ಹುಟ್ಟಿದ ಕೂಸಿಗೆ ಈ ಬುತ್ತಿ ಅರ್ಧಂಬರ್ಧ.

ಹಾಗಾದರೆ ಎಂದೂ ಚಿಕುನ್‌ಗುನ್ಯ ಕಾಣದ ಗರ್ಭಿಣಿಯ ಪಾಡೇನು? ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ 2005-06ರ ಹಾವಳಿಯ ಕಾಲದಲ್ಲಿ ವೈದ್ಯರು ಇದನ್ನು ಸೂಕ್ಷ್ಮವಾಗಿ ಗಮನಿಸಿದರು. ಗರ್ಭದ ನಡುವಣ ತಿಂಗಳುಗಳಲ್ಲಿ ಜ್ವರ ಬಂದು ಹೋದರೆ ಕೂಸಿಗೆ ತಗಲುವುದು ಅಪರೂಪ. ಆದರೆ ಹೆರಿಗೆಯ ಹೊತ್ತಿನಲ್ಲಿಯೇ ತಾಯಿಯ ರಕ್ತದಲ್ಲಿ ವೈರಾಣು ತುಂಬಿದ್ದರೆ, ಸುಮಾರು ಅರ್ಧದಷ್ಟು ಕೂಸುಗಳಿಗೆ ಅದು ತಗಲಿತು. ಶಸ್ತ್ರಕ್ರಿಯೆಯಿಂದ ಹೆರಿಗೆ ಮಾಡಿಸಿದರೂ ತಪ್ಪಲಿಲ್ಲ. ಹುಟ್ಟುವಾಗ ಲಕ್ಷಣವಾಗಿದ್ದ ಕೂಸು ಮೂರರಿಂದ ಏಳು ದಿನಗಳೊಳಗೆ ಜ್ವರದಿಂದ ಸೊರಗಿ ಮೊಲೆಯುಣ್ಣುವುದನ್ನು ಬಿಡುತ್ತಿತ್ತು. ಕೆಲವಕ್ಕೆ ಮಿದುಳಿಗೂ ಪೆಟ್ಟು ತಗಲಿತು. ತಾಯಿಗೆ ಹೆರಿಗೆಯ ಆಸುಪಾಸಿನಲ್ಲಿ ಜ್ವರ ಬಂದಿದ್ದರೆ ಮೂರನೆಯ ದಿನಕ್ಕೇ ಆಸ್ಪತ್ರೆಯಿಂದ ಮನೆಗೆ ಹೋಗಲು ಅವಸರಪಡಬಾರದೆಂಬುದಕ್ಕೆ ಇದು ಕಾರಣ.

ಇಂಥ ತಾಯಂದಿರು ಎಷ್ಟು ಮಂದಿ ಇರಬಹುದು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2017-18ರಲ್ಲಿ ಹದಿನೈದು ರಾಜ್ಯಗಳಲ್ಲಿ 5ರಿಂದ 45 ವರ್ಷದವರ ರಕ್ತವನ್ನು ಪರೀಕ್ಷಿಸಿತು. ದಕ್ಷಿಣದ ರಾಜ್ಯಗಳಲ್ಲಿ ನೂರಕ್ಕೆ 43 ಮಂದಿಯಲ್ಲಿ ಚಿಕುನ್‌ಗುನ್ಯದ ಗುರುತು ಸಿಕ್ಕಿತು. ಉಳಿದ 57 ಮಂದಿಗೆ ಆ ಕಾಪು ಇರಲಿಲ್ಲವೆಂದಾಯಿತು. 2006ರ ತರುವಾಯ ಹುಟ್ಟಿದ ಹೆಣ್ಣುಮಕ್ಕಳು ಇನ್ನು ಸೊಸೆಯಂದಿರಾಗಿ ಮನೆ ತುಂಬುವ ಕಾಲ ಬಂದಿದೆ. ಆ ದೊಡ್ಡ ಹಾವಳಿಯ ಕಾಪು ಅವರ ಪಾಲಿಗಿಲ್ಲ.

ಡೆಂಗಿಯ ಲೆಕ್ಕ ಬೇರೆ. ಅದೇ ಸಮೀಕ್ಷೆಯಲ್ಲಿ ದಕ್ಷಿಣದವರಲ್ಲಿ ನೂರಕ್ಕೆ ಸುಮಾರು 77 ಮಂದಿಗೆ ಡೆಂಗಿ ಎಂದೋ ಬಂದು ಹೋಗಿತ್ತು. ಎಷ್ಟೋ ಜನಕ್ಕೆ ಅದು ಬಂದದ್ದೇ ತಿಳಿದಿರುವುದಿಲ್ಲ. ಹಾಗಾದರೆ ನಮ್ಮ ಬಹುಪಾಲು ತಾಯಂದಿರು ಕೂಸಿಗೆ ಡೆಂಗಿಯ ಕಾಪನ್ನು ಕೊಡುವವರೇ ಅಲ್ಲವೆ ಎಂದು ಸಮಾಧಾನಪಡುವಷ್ಟರಲ್ಲಿ ಒಂದು ತೊಡಕು ಎದುರಾಗುತ್ತದೆ. ಡೆಂಗಿಯ ವೈರಾಣುವಿನಲ್ಲಿ ನಾಲ್ಕು ಬಗೆ. ಒಂದು ಬಗೆಯದು ಬಂದವರಿಗೆ ಅದರಿಂದ ಬಹುಕಾಲದ ರಕ್ಷಣೆ. ಮಿಕ್ಕ ಮೂರರಿಂದ ಕೆಲವು ತಿಂಗಳ ಮಟ್ಟಿಗೆ ಮಾತ್ರ. ಎರಡನೆಯ ಬಾರಿ ಬೇರೊಂದು ಬಗೆ ತಗಲಿದರೆ ಕಾಯಿಲೆ ಹೆಚ್ಚು ಉಗ್ರವಾಗುವ ಸಂಭವವುಂಟು.

1960ರ ದಶಕದಲ್ಲಿ ಬ್ಯಾಂಕಾಕ್ ನಗರದ ಮಕ್ಕಳ ಆಸ್ಪತ್ರೆಯಲ್ಲಿ ಸ್ಕಾಟ್ ಹಾಲ್‌ಸ್ಟೆಡ್ ಮತ್ತು ಅವರ ಸಂಗಡಿಗರಿಗೆ ಇದೇ ಒಂದು ಒಗಟಾಗಿ ಕಂಡಿತು. ಎರಡನೆಯ ಸಲದ ಡೆಂಗಿ ಉಗ್ರವೆನ್ನುವುದಾದರೆ, ವರ್ಷ ತುಂಬದ ಹಸುಗೂಸುಗಳು ಮೊದಲನೆಯ ಸಲಕ್ಕೇ ಏಕೆ ರಕ್ತಸ್ರಾವದಿಂದಲೂ ಆಘಾತದಿಂದಲೂ ಸಾವಿನ ಬಾಗಿಲಿಗೆ ಬರಬೇಕು? ಉತ್ತರ ತಾಯಿಯಲ್ಲಿತ್ತು. ಆಕೆ ಕೊಟ್ಟ ಪ್ರತಿಕಾಯಗಳು ಮೊದಲ ನಾಲ್ಕಾರು ತಿಂಗಳು ವೈರಾಣುವನ್ನು ಕಟ್ಟಿಹಾಕುತ್ತವೆ. ಆಮೇಲೆ ಅವು ಕರಗುತ್ತ ಬಂದು, ವೈರಾಣುವಿಗೆ ಅಂಟಿಕೊಳ್ಳುವಷ್ಟು ಉಳಿದರೂ ಅದನ್ನು ಅಡಗಿಸುವಷ್ಟು ಉಳಿಯುವುದಿಲ್ಲ. ಪ್ರತಿಕಾಯ ಅಂಟಿದ್ದನ್ನು ನುಂಗಿಹಾಕುವುದು ಕೆಲವು ಬಿಳಿಯ ರಕ್ತಕಣಗಳ ಕಸುಬು. ಡೆಂಗಿಯ ವೈರಾಣು ಬೆಳೆಯುವುದೂ ಆ ಕಣಗಳೊಳಗೇ! ಕಾವಲುಗಾರನೇ ಕಳ್ಳನ ಕೈಹಿಡಿದು ನಡುಮನೆಗೆ ತಂದು ಕೂರಿಸಿದಂತೆ. ಆರರಿಂದ ಒಂಬತ್ತು ತಿಂಗಳ ನಡುವೆ ಈ ಅಪಾಯ ಹೆಚ್ಚು. ವರ್ಷ ಕಳೆಯುವ ಹೊತ್ತಿಗೆ ತಾಯಿಯ ಪ್ರತಿಕಾಯಗಳು ಬಹುಮಟ್ಟಿಗೆ ಅಳಿದು, ಆ ಭಯವೂ ಅಳಿಯುತ್ತದೆ. ಇದನ್ನೋದಿ ತಾಯಂದಿರು ಗಾಬರಿಯಾಗಬೇಕಿಲ್ಲ. ಬಹುಪಾಲು ಕೂಸುಗಳು ಈ ತಿಂಗಳುಗಳನ್ನು ಸುಖವಾಗಿಯೇ ದಾಟುತ್ತವೆ. ಎದೆಹಾಲು ಬಿಡಿಸಲು ಇದು ಕಾರಣವೂ ಅಲ್ಲ. ಆದರೆ ಮಳೆಗಾಲದಲ್ಲಿ ಏಳು ತಿಂಗಳ ಕೂಸಿಗೆ ಬಂದ ಜ್ವರವನ್ನು ಹಲ್ಲು ಬರುವ ಜ್ವರವೆಂದು ಮನೆಯಲ್ಲಿಯೇ ನಿರ್ಣಯಿಸಿಬಿಡುವುದು ತರವಲ್ಲ.

ಝಿಕಾ ನಮ್ಮ ಸೀಮೆಗೆ ಹೊಸ ಹೆಸರು. 2022ರ ಡಿಸೆಂಬರಿನಲ್ಲಿ ಸಿಂಧನೂರಿನ ನೆರೆಯ ಮಾನ್ವಿ ತಾಲ್ಲೂಕಿನ ಐದು ವರ್ಷದ ಬಾಲಕಿಯೊಬ್ಬಳಲ್ಲಿ ಅದು ಇರುವುದನ್ನು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ ಖಚಿತಪಡಿಸಿತು. ಕರ್ನಾಟಕದಲ್ಲಿ ಪತ್ತೆಯಾದ ಮೊದಲ ಪ್ರಕರಣ ಅದೇ. ಝಿಕಾ ಸಾಮಾನ್ಯವಾಗಿ ಸೌಮ್ಯವಾದ ಜ್ವರ. ಗರ್ಭಿಣಿಗೆ, ಅದರಲ್ಲಿಯೂ ಮೊದಲ ಮೂರು ತಿಂಗಳಲ್ಲಿ ಬಂದರೆ ಮಾತ್ರ ಭ್ರೂಣದ ಮಿದುಳಿನ ಬೆಳವಣಿಗೆಯನ್ನೇ ಕುಂಠಿಸಬಲ್ಲದು. 2015ರಲ್ಲಿ ಬ್ರೆಜಿಲ್ ದೇಶದಲ್ಲಿ ತಲೆ ಚಿಕ್ಕದಾಗಿ ಹುಟ್ಟಿದ ಮಕ್ಕಳಿಂದ ಲೋಕಕ್ಕೆ ಇದು ತಿಳಿಯಿತು. 2024ರಲ್ಲಿ ಪುಣೆಯಲ್ಲಿ ಝಿಕಾ ಕಾಣಿಸಿಕೊಂಡಾಗ ರೋಗಿಗಳಲ್ಲಿ ಗರ್ಭಿಣಿಯರೂ ಇದ್ದರು. ಡೆಂಗಿಯ ಹಳೆಯ ಪ್ರತಿಕಾಯಗಳು ಇಲ್ಲಿ ನೆರವಾಗುವವೆಂದು ನಂಬಿ ಕೂರುವಂತಿಲ್ಲ. ಅವು ರಕ್ತಪರೀಕ್ಷೆಯಲ್ಲಿ ಝಿಕಾದಂತೆಯೇ ತೋರಿ ವೈದ್ಯರನ್ನು ಗೊಂದಲಕ್ಕೀಡುಮಾಡುವುದೂ ಉಂಟು.

ಗದ್ದೆಯ ಮಿದುಳು ಜ್ವರಕ್ಕಾದರೋ ಲಸಿಕೆಯಿದೆ. ರಾಯಚೂರು ಜಿಲ್ಲೆಯಲ್ಲಿ ಮಕ್ಕಳಿಗೆ ಒಂಬತ್ತು ತಿಂಗಳು ತುಂಬಿದಾಗ ಒಂದು, ಒಂದೂವರೆ ವರ್ಷದ ಸುಮಾರಿಗೆ ಇನ್ನೊಂದು ಹಾಕುತ್ತಾರೆ.

ಬಸುರಿಗೆ ಜ್ವರ ಬಂದರೆ ಮೈಕೈ ನೋವಿಗೆಂದು ಅಂಗಡಿಯಿಂದ ಆಸ್ಪಿರಿನ್, ಐಬುಪ್ರೊಫೇನ್ ಮುಂತಾದ ಗುಳಿಗೆಗಳನ್ನು ತಂದು ನುಂಗಿಸಬಾರದು. ಡೆಂಗಿಯಿದ್ದಲ್ಲಿ ಅವುಗಳಿಂದ ರಕ್ತಸ್ರಾವದ ಭಯ. ವೈದ್ಯರು ಪ್ಯಾರಾಸಿಟಮಾಲನ್ನೇ ಕೊಡುತ್ತಾರೆ. ಮಗಳು ಬರುವ ಮೊದಲೇ ಹರವಿ, ತೊಟ್ಟಿಗಳ ಒಳಗೋಡೆಯನ್ನು ತೆಂಗಿನ ನಾರಿನಿಂದ ಉಜ್ಜಿ ತೊಳೆಯಬೇಕು. ಈಡಿಸ್ ಸೊಳ್ಳೆಯ ಮೊಟ್ಟೆ ನೀರಿಲ್ಲದೆ ಗೋಡೆಗಂಟಿಕೊಂಡು ತಿಂಗಳುಗಟ್ಟಲೆ ಬದುಕಿದ್ದು, ನೀರು ತಾಗಿದೊಡನೆ ಒಡೆಯುತ್ತದೆ. ಬರಿದೆ ನೀರು ಚೆಲ್ಲಿದರೆ ಸಾಲದು. ಬಾಣಂತಿಯ ಕೋಣೆಗೆ ದೀಪ ಹಚ್ಚುವ ಹೊತ್ತಿಗೆ ಲೋಬಾನದ ಹೊಗೆ ಹಾಕುವ ಅಜ್ಜಿಯಂದಿರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಈಡಿಸ್ ಕಚ್ಚುವುದು ಹಗಲಿನಲ್ಲಿ, ಬೆಳಗಿನ ಹೊತ್ತು ಮತ್ತು ಹೊತ್ತು ಮುಳುಗುವ ಮುನ್ನ. ಎರೆದು, ಹಾಲೂಡಿಸಿ ತೊಟ್ಟಿಲಿಗೆ ಹಾಕಿದ ಕೂಸು ಗಾಢವಾಗಿ ನಿದ್ರಿಸುವುದೂ ಆ ಬೆಳಗಿನ ಹೊತ್ತಿನಲ್ಲಿಯೇ. ಸೊಳ್ಳೆಪರದೆಯನ್ನು ಇಳಿಬಿಡಬೇಕಾದದ್ದು ಆಗ.