ಓಟಗಾರನ ದಣಿವೂ ಅಮೈನೋ ಆಮ್ಲದ ಪುಡಿಯೂ

ಬಿ.ಎ. ವಿದ್ಯಾರ್ಥಿಗೆ ರಸಾಯನಶಾಸ್ತ್ರದ ಗೊಡವೆಯೇಕೆ ಎಂದು ವಾಚಕರು ಕೇಳಬಹುದು. ಬಾಡಿಗೆಯ ಕೊಠಡಿಯಲ್ಲಿ ನನ್ನೊಡನಿರುವ ಗೆಳೆಯನು ಪೋಲೀಸ್ ಕೆಲಸದ ಆಯ್ಕೆಗಾಗಿ ದಿನವೂ ಬೆಳಗಿನ ಜಾವ 1600 ಮೀಟರ್ ಓಟವನ್ನು ಅಭ್ಯಾಸಮಾಡುತ್ತಿದ್ದಾನೆ. ದಣಿವು ಹತ್ತಿರ ಸುಳಿಯದೆಂದು ಯಾರೋ ಹೇಳಿದುದನ್ನು ನಂಬಿ, ಅವನು ವಿದ್ಯಾರ್ಥಿವೇತನದ ಹಣದಿಂದ ಅಮೈನೋ ಆಮ್ಲದ ಪುಡಿಯ ಡಬ್ಬಿಯೊಂದನ್ನು ಕೊಂಡು ತಂದನು. ಕೈ ಬರಿದಾದುದರಿಂದ ಬೆಳಗಿನ ತಿಂಡಿಯನ್ನು ಬಿಟ್ಟನು. ಹದಿನೈದು ದಿನಗಳ ಮೇಲೆ ಅವನು ತಲೆಸುತ್ತಿ ಮೈದಾನದಲ್ಲಿ ಕುಳಿತುದನ್ನು ಕಂಡಾಗ, ಆ ಡಬ್ಬಿಯಲ್ಲಿ ಏನಿದೆಯೆಂದು ತಿಳಿಯಬೇಕೆನಿಸಿತು.

ಬೇಳೆ, ಹಾಲು, ಮೊಟ್ಟೆಗಳಲ್ಲಿರುವ ಸಸಾರಜನಕವು, ಎಂದರೆ ಪ್ರೋಟೀನು, ಜೀರ್ಣವಾದಾಗ ಅಮೈನೋ ಆಮ್ಲಗಳಾಗಿ ಒಡೆಯುತ್ತದೆ. ಅಕ್ಷರಗಳು ಕೂಡಿ ಪದಗಳಾಗುವಂತೆ, ಇಪ್ಪತ್ತು ಬಗೆಯ ಈ ಆಮ್ಲಗಳು ಕೂಡಿ ನಮ್ಮ ಮೈಯ ಪ್ರೋಟೀನುಗಳಾಗುತ್ತವೆ. ಇವುಗಳಲ್ಲಿ ಒಂಬತ್ತನ್ನು ಶರೀರವು ತಾನೇ ತಯಾರಿಸಿಕೊಳ್ಳಲಾರದು. ಅವು ಆಹಾರದಿಂದಲೇ ಬರಬೇಕು. ಆ ಒಂಬತ್ತರಲ್ಲಿ ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್ ಎಂಬ ಮೂರು ಮಾತ್ರ ಗೆಳೆಯನ ಡಬ್ಬಿಯಲ್ಲಿದ್ದವು.

ಈ ಮೂರಕ್ಕೆ ಹೆಸರು ಬಂದುದಕ್ಕೆ ಕಾರಣವುಂಟು. ಬಹಳ ಹೊತ್ತು ಓಡಿದಾಗ ಟ್ರಿಪ್ಟೊಫ್ಯಾನ್ ಎಂಬ ಇನ್ನೊಂದು ಆಮ್ಲವು ಹೆಚ್ಚಾಗಿ ಮಿದುಳನ್ನು ಸೇರಿ, ಅಲ್ಲಿ ಸಿರೊಟೋನಿನ್ ಆಗಿ ಮಾರ್ಪಟ್ಟು ದಣಿವನ್ನು ತರುತ್ತದೆಯೆಂದು ಆಕ್ಸ್‌ಫರ್ಡಿನ ಎರಿಕ್ ನ್ಯೂಸ್‌ಹೋಮ್ 1980ರ ದಶಕದಲ್ಲಿ ಊಹಿಸಿದರು. ಮಿದುಳನ್ನು ಹೊಗಲು ಟ್ರಿಪ್ಟೊಫ್ಯಾನಿಗೂ ಆ ಮೂರು ಆಮ್ಲಗಳಿಗೂ ಒಂದೇ ಬಾಗಿಲು. ಆದುದರಿಂದ ಮೂರನ್ನು ಹೆಚ್ಚಾಗಿ ಕೊಟ್ಟರೆ ದಣಿವು ತಡವಾಗಬೇಕಷ್ಟೆ? ಆದರೆ 1995ರಲ್ಲಿ ಪ್ರಕಟವಾದ ಡಚ್ ವಿಜ್ಞಾನಿಗಳ ಪ್ರಯೋಗದಲ್ಲಿ, ಹತ್ತು ಮಂದಿ ನುರಿತ ಕ್ರೀಡಾಪಟುಗಳು ಶಕ್ತಿ ಕುಂದುವವರೆಗೂ ಶ್ರಮಿಸಿದಾಗ, ಬರಿಯ ಸಕ್ಕರೆನೀರು ಕುಡಿದ ದಿನಕ್ಕೂ ಅದರಲ್ಲಿ ಈ ಆಮ್ಲಗಳನ್ನು ಬೆರಸಿ ಕುಡಿದ ದಿನಕ್ಕೂ ವ್ಯತ್ಯಾಸ ಕಾಣಲಿಲ್ಲ. ಆರೇಳು ನಿಮಿಷಗಳಲ್ಲಿ ಮುಗಿಯುವ ಗೆಳೆಯನ ಓಟಕ್ಕಂತೂ ಆ ಊಹೆಯೇ ಸಲ್ಲದು.

ಹಾಗೆಂದು ಎಲ್ಲವನ್ನೂ ಹಳಿಯುವುದು ನ್ಯಾಯವಲ್ಲ. ಬೀಟಾ-ಅಲನಿನ್ ಎಂಬ ಬೇರೊಂದು ಅಮೈನೋ ಆಮ್ಲವನ್ನು ಕೆಲವು ವಾರಗಳ ಕಾಲ ದಿನಕ್ಕೆ 4ರಿಂದ 6 ಗ್ರಾಂ ಸೇವಿಸಿದರೆ ಮಾಂಸಖಂಡಗಳಲ್ಲಿ ಕಾರ್ನೊಸಿನ್ ಹೆಚ್ಚುತ್ತದೆ. ಬಿರುಸಾದ ಶ್ರಮದಲ್ಲಿ ಅಲ್ಲಿ ಏರುವ ಆಮ್ಲತೆಯನ್ನು ಅದು ತಗ್ಗಿಸುವುದರಿಂದ, ಕೆಲವೇ ನಿಮಿಷಗಳ ಸ್ಪರ್ಧೆಗಳಲ್ಲಿ ಅಲ್ಪ ಪ್ರಯೋಜನವುಂಟು. ಆದರೆ ಅದೂ ಊಟದ ಸ್ಥಾನವನ್ನು ತುಂಬಲಾರದು.

ಓಡುವವನಿಗೆ ಮುಖ್ಯವಾದ ಇಂಧನವೆಂದರೆ ಪಿಷ್ಟ. ಮುದ್ದೆ, ಅನ್ನಗಳ ಪಿಷ್ಟವು ಗ್ಲೈಕೋಜನ್ ಆಗಿ ಮಾಂಸಖಂಡಗಳಲ್ಲಿ ಕೂಡಿರುತ್ತದೆ. ಅಭ್ಯಾಸದಲ್ಲಿ ವ್ಯಯವಾದುದನ್ನು ದಿನದಿನವೂ ಮತ್ತೆ ತುಂಬಬೇಕು. ಅಮೈನೋ ಆಮ್ಲಗಳ ಕೊರತೆಯನ್ನೂ ಊಟವೇ ನೀಗಬಲ್ಲದು. ಧಾನ್ಯಗಳಲ್ಲಿ ಕಡಮೆಯಿರುವ ಲೈಸಿನ್ ಕಾಳುಗಳಲ್ಲಿ ಹೇರಳವಾಗಿದೆ. ಕಾಳುಗಳಲ್ಲಿ ಕಡಮೆಯಿರುವ ಮೆಥಿಯೊನಿನ್ ರಾಗಿಯಲ್ಲಿದೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗ. ಈ ಹೆಸರುಗಳನ್ನೆಂದೂ ಕೇಳದ ನನ್ನ ಅವ್ವ, ಕೂಲಿಯಿಂದ ಬಂದು, ಮುದ್ದೆಯೊಡನೆ ಹುರುಳಿಸಾರು ಬಡಿಸಿ ನಮ್ಮನ್ನು ಬೆಳೆಸಿದಳು. ಆ ತಟ್ಟೆಯಲ್ಲಿ ಒಂಬತ್ತೂ ಇದ್ದುವೆಂದು ನನಗೆ ತಿಳಿದುದು ಈಗ.

ಗೆಳೆಯನು ಮತ್ತೆ ತಿಂಡಿ ತಿನ್ನುತ್ತಿದ್ದಾನೆ. ಬರಿದಾದ ಡಬ್ಬಿಯಲ್ಲಿ ಊರಿನಿಂದ ಬಂದ ಕಡಲೆಕಾಯಿ ಇದೆ. ಆಯ್ಕೆಯ ಓಟ ಇನ್ನೂ ಮುಂದಿದೆ. ಗೆಲವು ಅಭ್ಯಾಸಕ್ಕೆ ಸೇರಿದುದು. ಆದರೆ ಹಸಿದ ಹೊಟ್ಟೆಯಲ್ಲಿ ಓಡುವ ತಪ್ಪನ್ನು ನಮ್ಮ ಕಾಲೇಜಿನ ಇನ್ನಾರೂ ಮಾಡದಿರಲೆಂಬುದೇ ಈ ಬರಹದ ಉದ್ದೇಶ.