ಚರ್ಮದ ಸುಕ್ಕಿಗೆ ಗಿಡಮೂಲಿಕೆಗಳು

ವಯಸ್ಸಾದಂತೆ ಚರ್ಮದಲ್ಲಿ ಕಾಣಿಸಿಕೊಳ್ಳುವ ಸುಕ್ಕು, ಜೋಲು ಮತ್ತು ಒಣಗುವಿಕೆಯನ್ನು ತಗ್ಗಿಸಲು ಸಸ್ಯಮೂಲದ ಲೇಪ, ತೈಲ ಹಾಗೂ ಆಹಾರಗಳನ್ನು ಬಳಸುವ ಪದ್ಧತಿ ಭಾರತದಲ್ಲಿ ಪ್ರಾಚೀನವಾದುದು. ಇವುಗಳಲ್ಲಿ ಹಲವು ಚರ್ಮದ ಮೇಲ್ಮೈಯನ್ನು ಮೃದುವಾಗಿಡುತ್ತವೆ. ಕೆಲವೇ ಸಸ್ಯಗಳ ಸಾರಗಳು ಸುಕ್ಕನ್ನು ಸ್ವಲ್ಪಮಟ್ಟಿಗೆ ತಗ್ಗಿಸಬಲ್ಲವೆಂದು ಪ್ರಯೋಗಗಳಲ್ಲಿ ಕಂಡುಬಂದಿದೆ. ಆದರೆ ಜೋತುಬಿದ್ದ ಚರ್ಮವನ್ನು ಯೌವನದಲ್ಲಿದ್ದಂತೆ ಬಿಗಿಗೊಳಿಸುತ್ತದೆ ಎಂದು ಯಾವ ಮೂಲಿಕೆಯ ವಿಷಯದಲ್ಲಿಯೂ ಸಿದ್ಧಪಟ್ಟಿಲ್ಲ.

ಸುಕ್ಕು ಉಂಟಾಗುವ ಬಗೆ

ಚರ್ಮದಲ್ಲಿ ಹೊರಚರ್ಮ, ಒಳಚರ್ಮ ಎಂಬ ಎರಡು ಪದರಗಳಿವೆ. ಅವುಗಳ ಕೆಳಗೆ ಕೊಬ್ಬಿನ ಪದರವಿದೆ. ಒಳಚರ್ಮದ ಕೊಲ್ಯಾಜನ್ ನಾರುಗಳು ಚರ್ಮಕ್ಕೆ ಬಲವನ್ನೂ ಇಲಾಸ್ಟಿನ್ ನಾರುಗಳು ಹಿಗ್ಗಿ ಕುಗ್ಗುವ ಗುಣವನ್ನೂ ಕೊಡುತ್ತವೆ. ವಯಸ್ಸಾದಂತೆ ಈ ನಾರುಗಳು ಕ್ಷೀಣಿಸಿ, ಕೊಬ್ಬಿನ ಪದರವೂ ತೆಳುವಾಗಿ ಚರ್ಮವು ಜೋಲುತ್ತದೆ. ಮಹಿಳೆಯರಲ್ಲಿ ಋತುಬಂಧದ ನಂತರ ಈ ಬದಲಾವಣೆ ತ್ವರಿತಗೊಳ್ಳುತ್ತದೆ. ಬಿಸಿಲಿನ ಅತಿನೇರಳೆ ಕಿರಣ ಮತ್ತು ಧೂಮಪಾನಗಳು ನಾರುಗಳನ್ನು ಇನ್ನಷ್ಟು ಬೇಗ ಹಾಳುಮಾಡುತ್ತವೆ. ಬಟ್ಟೆಯ ಮರೆಯಲ್ಲಿರುವ ಭಾಗಗಳಿಗಿಂತ ಮುಖ, ಕತ್ತು ಮತ್ತು ಮುಂಗೈಗಳಲ್ಲಿ ಸುಕ್ಕು ಮೊದಲು ಕಾಣಲು ಬಿಸಿಲೇ ಮುಖ್ಯ ಕಾರಣ.

ಆಯುರ್ವೇದದ ಹಿನ್ನೆಲೆ

ಆಯುರ್ವೇದ ಗ್ರಂಥಗಳಲ್ಲಿ ಚರ್ಮದ ಸುಕ್ಕನ್ನು 'ವಲೀ' ಎಂದೂ ಕೂದಲಿನ ನರೆಯನ್ನು 'ಪಲಿತ' ಎಂದೂ ಕರೆಯಲಾಗಿದೆ. ಚರಕ ಸಂಹಿತೆಯು 'ವಯಃಸ್ಥಾಪನ' ಎಂಬ ಗುಂಪಿನಲ್ಲಿ 10 ಮೂಲಿಕೆಗಳನ್ನು ಹೆಸರಿಸುತ್ತದೆ. ಅಮೃತಬಳ್ಳಿ, ಅಳಲೆ, ನೆಲ್ಲಿ, ಒಂದೆಲಗ ಮತ್ತು ಪುನರ್ನವಾ ಇವುಗಳಲ್ಲಿ ಸೇರಿವೆ. ಇವುಗಳನ್ನು ಹೇಳಿರುವುದು ಕೇವಲ ಮುಖದ ಅಂದಕ್ಕಾಗಿ ಅಲ್ಲ, ಇಡೀ ದೇಹದ ಮುಪ್ಪನ್ನು ಮುಂದೂಡುವ ಉದ್ದೇಶಕ್ಕಾಗಿ.

ಬಳಕೆಯಲ್ಲಿರುವ ಸಸ್ಯಗಳು

ಒಂದೆಲಗ: ತುಳುವಿನಲ್ಲಿ ತಿಮರೆ ಎನಿಸಿಕೊಳ್ಳುವ ಈ ಸೊಪ್ಪನ್ನು ಕರಾವಳಿ ಮತ್ತು ಮಲೆನಾಡಿನಲ್ಲಿ ಚಟ್ನಿ, ತಂಬುಳಿಗಳಿಗೆ ಬಳಸುತ್ತಾರೆ. ಇದರಲ್ಲಿರುವ ಏಷಿಯಾಟಿಕೋಸೈಡ್ ಎಂಬ ಅಂಶವು ಕೊಲ್ಯಾಜನ್ ಉತ್ಪತ್ತಿಯನ್ನು ಪ್ರಚೋದಿಸುವುದು ಪ್ರಯೋಗಾಲಯದ ಜೀವಕೋಶಗಳಲ್ಲಿ ಕಂಡುಬಂದಿದೆ. ಸೊಪ್ಪನ್ನು ಅರೆದು ಹಚ್ಚಿದರೂ ಇದೇ ಫಲ ದೊರೆಯುತ್ತದೆ ಎಂದು ಇದರಿಂದ ಹೇಳಲಾಗದು.

ಬಾವಂಚಿ: ಇದರ ಬೀಜದಿಂದ ಬೇರ್ಪಡಿಸಿದ ಬಕುಚಿಯೋಲ್ ಎಂಬ ವಸ್ತುವನ್ನು, ಸುಕ್ಕಿನ ಚಿಕಿತ್ಸೆಯಲ್ಲಿ ಬಳಸುವ ರೆಟಿನಾಲ್‌ನೊಂದಿಗೆ ಹೋಲಿಸಿದ ಅಧ್ಯಯನವೊಂದು 2019ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಡರ್ಮಟಾಲಜಿ ಪತ್ರಿಕೆಯಲ್ಲಿ ಪ್ರಕಟವಾಯಿತು. 44 ಮಂದಿಯ ಮೇಲೆ 12 ವಾರ ನಡೆದ ಈ ಪ್ರಯೋಗದಲ್ಲಿ ಎರಡೂ ಸುಕ್ಕನ್ನು ತಗ್ಗಿಸಿದವು. ಉರಿ ಮತ್ತು ಸಿಪ್ಪೆ ಏಳುವಿಕೆ ರೆಟಿನಾಲ್ ಬಳಸಿದವರಲ್ಲಿ ಹೆಚ್ಚಾಗಿತ್ತು. ಪ್ರಯೋಗ ಚಿಕ್ಕದಾದುದರಿಂದ ಇದನ್ನು ಅಂತಿಮ ತೀರ್ಮಾನವೆಂದು ಪರಿಗಣಿಸಲಾಗದು.

ಲೋಳೆಸರ ಮತ್ತು ಎಳ್ಳೆಣ್ಣೆ: ಲೋಳೆಸರದ ತಿರುಳು ಚರ್ಮಕ್ಕೆ ತೇವವನ್ನು ಒದಗಿಸುತ್ತದೆ. ಎಳ್ಳೆಣ್ಣೆ ಆ ತೇವ ಆರಿಹೋಗದಂತೆ ತಡೆಯುತ್ತದೆ. ಒಣಚರ್ಮದ ಸಣ್ಣ ಗೆರೆಗಳು ಇದರಿಂದ ತಾತ್ಕಾಲಿಕವಾಗಿ ಮರೆಯಾಗುತ್ತವೆ.

ಎಚ್ಚರಿಕೆಗಳು

ಸಸ್ಯಜನ್ಯವಾದುದೆಲ್ಲವೂ ನಿರಪಾಯಕಾರಿಯಲ್ಲ. ಬಾವಂಚಿಯ ಬೀಜದಲ್ಲಿ ಸೊರಾಲೆನ್ ಎಂಬ ವಸ್ತುವೂ ಇದೆ. ಇದು ಚರ್ಮವನ್ನು ಬಿಸಿಲಿಗೆ ಅತಿಸೂಕ್ಷ್ಮವಾಗಿಸುತ್ತದೆ. ಆದ್ದರಿಂದ ಬೀಜವನ್ನು ಮನೆಯಲ್ಲಿ ಅರೆದು ಹಚ್ಚಿ ಬಿಸಿಲಿಗೆ ಹೋದರೆ ಬೊಬ್ಬೆ ಏಳಬಹುದು. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರೂ ಇಂತಹ ಸುಟ್ಟಗಾಯ ಮತ್ತು ಕಪ್ಪು ಕಲೆ ಉಂಟಾಗುವ ಸಂಭವವಿದೆ. ಲೋಳೆಸರದ ಎಲೆಯನ್ನು ಕತ್ತರಿಸಿದಾಗ ಒಸರುವ ಹಳದಿ ರಸವು ಕೆಲವರಲ್ಲಿ ತುರಿಕೆ ಉಂಟುಮಾಡುವುದರಿಂದ, ಅದನ್ನು ತೊಳೆದ ನಂತರವೇ ತಿರುಳನ್ನು ಬಳಸಬೇಕು. ಯಾವುದೇ ಲೇಪವನ್ನು ಮೊದಲು ಮುಂಗೈಯ ಒಳಭಾಗದಲ್ಲಿ ಸ್ವಲ್ಪ ಹಚ್ಚಿ, ಒಂದೆರಡು ದಿನ ಗಮನಿಸುವುದು ಕ್ಷೇಮಕರ.

ಹಾಳಾದ ನಾರುಗಳನ್ನು ಮರಳಿ ಪಡೆಯುವುದಕ್ಕಿಂತ ಇರುವುದನ್ನು ಕಾಪಾಡಿಕೊಳ್ಳುವುದು ಸುಲಭ. ಕೊಡೆ, ತುಂಬುತೋಳಿನ ಉಡುಪು ಮತ್ತು ಸನ್‌ಸ್ಕ್ರೀನ್‌ನ ಬಳಕೆ ಹಾಗೂ ತಂಬಾಕಿನ ವರ್ಜನೆ ಇದಕ್ಕೆ ನೆರವಾಗುತ್ತವೆ. ಮೂಲಿಕೆಗಳು ಈ ಕ್ರಮಗಳಿಗೆ ಪೂರಕವಾಗಬಲ್ಲವೇ ಹೊರತು ಪರ್ಯಾಯವಾಗಲಾರವು.